ಉಬ್ಬಸ ಇದ್ದವರು ರ‍್ಯಾಪ್ ಬರೆಯುವುದು ಹೇಗೆ: ಫೆರೋ ಮಾಂಚ್ ದಾರಿಯಲ್ಲಿ ಉಸಿರಿನ ಲೆಕ್ಕ

ನ್ಯೂಯಾರ್ಕಿನ ಕ್ವೀನ್ಸ್‌ನ ಫೆರೋ ಮಾಂಚ್‌ಗೆ ಚಿಕ್ಕಂದಿನಿಂದಲೂ ಉಬ್ಬಸ. ಹಾಗಿದ್ದೂ ಉದ್ದುದ್ದ ಸಾಲು ಎಳೆದು, ಸಾಲಿನೊಳಗೇ ಪ್ರಾಸದ ಮೇಲೆ ಪ್ರಾಸ ಕಟ್ಟುವುದರಲ್ಲಿ ಈತನಿಗೆ ಸರಿಗಟ್ಟುವವರು ಕಡಿಮೆ. 1990ರ ದಶಕದಲ್ಲಿ ಆರ್ಗನೈಸ್ಡ್ ಕನ್‌ಫ್ಯೂಷನ್ ಎಂಬ ಇಬ್ಬರ ತಂಡದಲ್ಲಿ ಮೂರು ಆಲ್ಬಮ್ ಮಾಡಿ, 1999ರಲ್ಲಿ ಒಬ್ಬನೇ ನಿಂತು ಮೊದಲ ಆಲ್ಬಮ್ ತಂದ. ಆ ಆಲ್ಬಮ್‌ನ ಹಿಟ್ ಹಾಡಿನಲ್ಲಿ ಗಾಡ್‌ಜಿಲ್ಲಾ ಸಿನಿಮಾದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಕೇಸು ಬಿತ್ತು, ಆಲ್ಬಮ್ ಅಂಗಡಿಗಳಿಂದ ಮಾಯವಾಯಿತು. ಎರಡನೆಯದು ಬಂದದ್ದು 2007ಕ್ಕೆ. ಸಲ್ಲಬೇಕಾದಷ್ಟು ಹೆಸರು ಸಲ್ಲದೇ ಹೋದದ್ದಕ್ಕೆ ಇದೂ ಕಾರಣ. ಉಬ್ಬಸವನ್ನೂ ಖಿನ್ನತೆಯನ್ನೂ 2014ರ ‘ಪಿಟಿಎಸ್‌ಡಿ’ ಆಲ್ಬಮ್‌ನಲ್ಲಿ ಮುಚ್ಚುಮರೆಯಿಲ್ಲದೆ ಹಾಡಿದ್ದಾನೆ. ಉಸಿರಿನ ಕಷ್ಟ ಇರುವವರು ಕೇಳಿ ಕಲಿಯಬೇಕಾದ ರ‍್ಯಾಪರ್ ಈತ. ಕನ್ನಡದಲ್ಲಿ ಬರೆಯುವವರು ಅದನ್ನು ಅಳವಡಿಸಿಕೊಳ್ಳುವ ಕ್ರಮ ಹೀಗೆ.

ಮೊದಲು ಕೇಳುವ ಕೆಲಸ. ಆತನ ಒಂದು ವರ್ಸ್ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳಿ, ಉಸಿರು ಎಳೆದುಕೊಂಡಂತೆ ಅನ್ನಿಸಿದ ಜಾಗಕ್ಕೆಲ್ಲ ಗೆರೆ ಹಾಕಿ. ಎಂಟು ಬಾರ್ (ನಾಲ್ಕು ಬೀಟಿನ ಒಂದು ಅಳತೆಗೆ ಒಂದು ಬಾರ್) ಗುರುತು ಹಾಕಿದರೆ ಸಾಕು. ಸ್ಟುಡಿಯೋದಲ್ಲಿ ತುಂಡು ತುಂಡಾಗಿ ರೆಕಾರ್ಡ್ ಮಾಡಿ ಜೋಡಿಸುವುದು ಮಾಮೂಲಿ, ಹಾಗಾಗಿ ಸಾಧ್ಯವಿದ್ದರೆ ಲೈವ್ ವಿಡಿಯೋ ನೋಡಿ. ಎದೆ, ಭುಜ ಎಲ್ಲಿ ಅಲುಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಇನ್ನು ಲೆಕ್ಕ. 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಬೀಟ್ ವೇಗದಲ್ಲಿ, ಒಂದು ಬಾರ್ ಅಂದರೆ 2.67 ಸೆಕೆಂಡು, 16 ಬಾರ್ ವರ್ಸ್ ಸುಮಾರು 43 ಸೆಕೆಂಡು. ಬಾರ್‌ಗೆ 16 ಮಾತ್ರೆ ಎಂದಿಟ್ಟುಕೊಂಡರೆ ಒಂದು ಮಾತ್ರೆಗೆ 0.17 ಸೆಕೆಂಡು ಸಿಗುತ್ತದೆ. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಒಂದು ಸಾಲು ನೋಡಿ:

ಗಲ್ಲಿಯ ಗೋಡೆಗೆ ಬಣ್ಣವ ಬಳಿದವ

ನಾಲ್ಕು ನಾಲ್ಕರಂತೆ ಸರಿಯಾಗಿ 16 ಮಾತ್ರೆ. ಬಾಯಿಗೆ ಚೆನ್ನ, ಆದರೆ ಉಸಿರಿಗೆ ಜಾಗವೇ ಇಲ್ಲ. ಇಂಥ ನಾಲ್ಕು ಸಾಲು ಒಟ್ಟಿಗೆ ಬಂದರೆ ನಾಲ್ಕನೆಯದರ ಬಾಲ ನುಂಗಿಹೋಗುತ್ತದೆ. ಅದನ್ನೇ ಹೀಗೆ ಮಾಡಿ:

ಗಲ್ಲಿಯ ಗೋಡೆಗೆ ಬಣ್ಣ ಬಳಿದ

ಈಗ 14. ಉಳಿದ ಎರಡು ಮಾತ್ರೆ, ಅಂದರೆ 0.33 ಸೆಕೆಂಡು, ಬಾಯಿಂದ ಒಂದು ಗುಟುಕು ಗಾಳಿ ಎಳೆದುಕೊಳ್ಳಲು ಸಾಕು. ಪ್ರತಿ ಎರಡು ಬಾರ್‌ಗೆ ಇಂಥ ಒಂದು ಗುಟುಕು, ಪ್ರತಿ ನಾಲ್ಕು ಬಾರ್‌ಗೆ ಒಂದು ಪೂರ್ತಿ ಬೀಟ್ ಖಾಲಿ ಬಿಡಿ. ಉಸಿರಿನ ಜಾಗ ಬರೆಯುವಾಗಲೇ ಹಾಳೆಯ ಮೇಲೆ ಬಿದ್ದಿರಬೇಕು. ಮೈಕ್ ಮುಂದೆ ನಿಂತು ಹುಡುಕಿದರೆ ಪದದ ನಡುವೆ ಕತ್ತರಿ ಬೀಳುತ್ತದೆ.

ಕನ್ನಡದ ಕ್ರಿಯಾಪದಗಳ ಮೇಲೆ ವಿಶೇಷ ಕಣ್ಣಿಡಿ. ‘ಮಾಡಿಕೊಂಡಿರುತ್ತಾನೆ’ ಒಂದೇ 11 ಮಾತ್ರೆ ತಿನ್ನುತ್ತದೆ, ಬಾರ್‌ನಲ್ಲಿ ಉಳಿಯುವುದು ಐದೇ. ಆಡುಮಾತಿನ ‘ಮಾಡ್ಕೊಂಡಿರ್ತಾನೆ’ ಆದರೆ 9. ಸ, ಶ, ಹ, ಮಹಾಪ್ರಾಣಗಳು ಗಾಳಿ ಜಾಸ್ತಿ ಖರ್ಚು ಮಾಡಿಸುತ್ತವೆ. ಉಸಿರು ಮುಗಿಯುತ್ತ ಬರುವ ಕಡೆ ಅವನ್ನು ಗುಂಪಾಗಿ ಇಡಬೇಡಿ. ಅಲ್ಲಿಗೆ ಮ, ನ, ಲ ಹಗುರ.

ಬಹಳ ಜನ ತಪ್ಪುವುದು ಗಾಳಿ ತುಂಬಿಕೊಳ್ಳುವಲ್ಲಿ. ಉಬ್ಬಸದಲ್ಲಿ ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಹಳೆ ಗಾಳಿ ಒಳಗೇ ಉಳಿದು, ಅದರ ಮೇಲೆ ಇನ್ನಷ್ಟು ಎಳೆದರೆ ಎದೆ ಬಿಗಿಯುತ್ತದೆ, ಭುಜ ಮೇಲೇರುತ್ತದೆ, ಧ್ವನಿ ತೆಳ್ಳಗಾಗುತ್ತದೆ. ಅದಕ್ಕೇ ಆ ಪೂರ್ತಿ ಖಾಲಿ ಬೀಟು: ಮೊದಲು ‘ಹಾ’ ಎಂದು ಬಿಟ್ಟು, ಆಮೇಲೆ ಹೊಟ್ಟೆ ಉಬ್ಬುವಂತೆ ಎಳೆಯಿರಿ.

ಅಭ್ಯಾಸ 70 ಬಿಪಿಎಂನಿಂದ ಶುರು ಮಾಡಿ. ಅದೇ ಎಂಟು ಬಾರನ್ನು ತಡವರಿಸದೆ ಮೂರು ಸಲ ಹೇಳಲು ಬಂದ ಮೇಲಷ್ಟೇ ನಾಲ್ಕು ಬಿಪಿಎಂ ಏರಿಸಿ. ಕೂತು ಕಲಿತದ್ದು ನಿಂತಾಗ ಕೈಕೊಡುತ್ತದೆ, ವೇದಿಕೆಗೆ ಹೋಗುವವರು ನಡೆದಾಡುತ್ತಲೇ ಹೇಳಿ ನೋಡಬೇಕು. ತಣ್ಣನೆಯ ಒಣ ಗಾಳಿಯನ್ನು ಬಾಯಿಂದ ವೇಗವಾಗಿ ಎಳೆದರೆ ಶ್ವಾಸನಾಳ ಕೆರಳಬಹುದು. ಏಸಿಯ ನೇರ ಗಾಳಿಗೆ ನಿಲ್ಲಬೇಡಿ, ಉದ್ದ ಬಿಡುವು ಇರುವ ಕಡೆ ಮೂಗಿನಿಂದಲೇ ಉಸಿರೆಳೆಯಿರಿ. ಸುಯ್ ಎಂಬ ಸದ್ದು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ತುರ್ತಿನ ಇನ್ಹೇಲರ್ ಬ್ಯಾಗಿನಲ್ಲಲ್ಲ, ಜೇಬಿನಲ್ಲಿರಲಿ. ಹಾಡುವ ಮುಂಚೆ ಅದನ್ನು ತೆಗೆದುಕೊಳ್ಳಬೇಕೇ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ರೆಕಾರ್ಡಿಂಗ್‌ಗೆ ಮೈಕಿನಿಂದ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್ (ಬಾಯಿಯ ಗಾಳಿ ಮೈಕಿಗೆ ನೇರ ಹೊಡೆಯದಂತೆ ತಡೆಯುವ ಪರದೆ). ಉಸಿರಿನ ಸದ್ದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಅಳಿಸಬೇಡಿ, ವರ್ಸ್ ಜೀವ ಕಳೆದುಕೊಂಡಂತೆ ಕೇಳುತ್ತದೆ. ಸ್ವಲ್ಪ ತಗ್ಗಿಸಿದರೆ ಸಾಕು. ಲೈವ್‌ನಲ್ಲಿ ಜೊತೆಗಾರ ಇದ್ದರೆ ಬಾರ್‌ನ ಕೊನೆಯ ಪದ ಆತನಿಗೆ ಬಿಟ್ಟುಕೊಡಿ, ಅಷ್ಟರಲ್ಲಿ ನಿಮಗೆ ಉಸಿರು ಸಿಗುತ್ತದೆ.

ದಿನವೂ ಸ್ಟೀರಾಯ್ಡ್ ಇನ್ಹೇಲರ್ ಬಳಸುವವರಿಗೆ ಧ್ವನಿ ಗೊಗ್ಗರಾಗುವುದುಂಟು. ಪ್ರತಿ ಸಲ ಎಳೆದ ಮೇಲೆ ನೀರಿನಿಂದ ಗಂಟಲು ಮುಕ್ಕಳಿಸಿ ಉಗುಳಿ, ಇನ್ಹೇಲರ್ ಬಾಯಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯ ಬಗ್ಗೆ ಡಾಕ್ಟರನ್ನು ಕೇಳಿ. ಆದರೆ ಧ್ವನಿ ಕೆಟ್ಟಿತೆಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.