ತಂಬೋಲಾ ಬಿಲ್ಲೆಗಳಲ್ಲಿ ಎನ್‌ಬಿಎ ಲಾಟರಿ

2025ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಲಾಟರಿಯನ್ನು, ಅಂದರೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಸರದಿ ಯಾರದು ಅಂತ ತೀರ್ಮಾನಿಸುವ ಲಾಟರಿಯನ್ನು, ಡಲ್ಲಾಸ್ ಮ್ಯಾವರಿಕ್ಸ್ ತಂಡ ಗೆದ್ದಾಗ ನಮ್ಮ ಗೆಳೆಯರ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಅವರಿಗಿದ್ದ ಅವಕಾಶ ನೂರಕ್ಕೆ 1.8 ಮಾತ್ರ. ಅದೂ ಫೆಬ್ರವರಿಯಲ್ಲಷ್ಟೇ ಲೂಕಾ ಡಾನ್ಚಿಚ್‌ನಂಥ ಆಟಗಾರನನ್ನು ಲೇಕರ್ಸ್‌ಗೆ ಬಿಟ್ಟುಕೊಟ್ಟ ತಂಡ! ಈಗ ಆ ವರ್ಷ ಎಲ್ಲರ ಕಣ್ಣಿದ್ದ ಹೊಸ ಆಟಗಾರ ಕೂಪರ್ ಫ್ಲ್ಯಾಗ್ ಅವರ ಪಾಲು. "ಎಲ್ಲ ಮೊದಲೇ ಮಾತಾಡ್ಕೊಂಡಿದ್ದಾರೆ ಬಿಡೋ" ಅಂದ ಒಬ್ಬ. ನನಗೂ ಅನುಮಾನ ಇತ್ತು. ಸುಮ್ನೆ ವಾದ ಮಾಡುವ ಬದಲು ಆಡಿಯೇ ನೋಡೋಣ ಅಂತ ಮಗಳ ತಂಬೋಲಾ ಡಬ್ಬಿ ತೆಗೆದೆ.

2025ರ ಲಾಟರಿ ನಡೆದದ್ದು ಹೀಗೆ. 1ರಿಂದ 14ರವರೆಗೆ ನಂಬರ್ ಇರುವ ಚೆಂಡುಗಳು. ಅದರಲ್ಲಿ ನಾಲ್ಕು ತೆಗೆಯುತ್ತಾರೆ. ನಾನು 14×13×12×11 ಅಂತ ಗುಣಿಸಿದೆ, 24,024 ಬಂತು. ಆದರೆ ಎಲ್ಲರೂ ಹೇಳುವುದು 1,001 ಜೋಡಣೆ ಅಂತ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಇಲ್ಲಿ ಯಾವುದು ಮೊದಲು ಬಂತು ಅನ್ನುವುದು ಲೆಕ್ಕಕ್ಕಿಲ್ಲ. ನಾಲ್ಕು ನಂಬರ್ 24 ಥರದ ಕ್ರಮದಲ್ಲಿ ಬರಬಹುದು, ಹಾಗಾಗಿ 24ರಿಂದ ಭಾಗಿಸಿದರೆ ಸರಿಹೋಯಿತು. ಒಂದು ಜೋಡಣೆಯನ್ನು ಬಿಟ್ಟು ಉಳಿದ ಸಾವಿರವನ್ನು ಹದಿನಾಲ್ಕು ತಂಡಗಳಿಗೆ ಹಂಚುತ್ತಾರೆ, ಹೆಚ್ಚು ಸೋತವರಿಗೆ ಹೆಚ್ಚು; ಬಿದ್ದ ಜೋಡಣೆ ಯಾರದೋ ಅವರು ಗೆದ್ದಂತೆ. ಸೋತು ಸುಣ್ಣವಾದ ಮೂರು ತಂಡಗಳಿಗೆ, ಅಂದರೆ ಆ ವರ್ಷ ಉಟಾ, ವಾಷಿಂಗ್ಟನ್, ಷಾರ್ಲೆಟ್‌ಗೆ, ತಲಾ 140. ಡಲ್ಲಾಸ್‌ಗೆ 18.

ನಾನು 1-2-3-4ರಿಂದ ಶುರುಮಾಡಿ ಕ್ರಮವಾಗಿ ಪಟ್ಟಿ ಬರೆದೆ. ಮೊದಲ 140 ಉಟಾಗೆ, ಮುಂದಿನ 140 ವಾಷಿಂಗ್ಟನ್‌ಗೆ, ಹೀಗೆ. ಮಗಳು ಚೀಲದಿಂದ ಬಿಲ್ಲೆ ತೆಗೆಯುವವಳು, ನಾನು ಬರೆದುಕೊಳ್ಳುವವನು. ಇಪ್ಪತ್ತು ಸಲ ಆಯಿತು. "ಅಪ್ಪಾ, ಉಟಾ ಒಂದ್ಸಲನೂ ಗೆಲ್ತಿಲ್ವಲ್ಲ?" ಅಂದಳು.

ತಪ್ಪು ನನ್ನದೇ. ಪ್ರತಿ ಸಲ ಬಿಲ್ಲೆಗಳನ್ನು ಒಂದರಿಂದ ಸಾಲಾಗಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದೆ. 1 ತಳ ಸೇರುತ್ತಿತ್ತು, ಅವಳ ಪುಟ್ಟ ಕೈ ಮೇಲಿನದನ್ನೇ ಎತ್ತುತ್ತಿತ್ತು. ನನ್ನ ಪಟ್ಟಿಯಲ್ಲಿ ಉಟಾದ 140 ಜೋಡಣೆಯಲ್ಲೂ 1 ಇರಲೇಬೇಕು! ನಿಜವಾದ ಲಾಟರಿಯ ಯಂತ್ರ ಚೆಂಡುಗಳನ್ನು ಮೊದಲು ಇಪ್ಪತ್ತು ಸೆಕೆಂಡ್ ಗಾಳಿಯಲ್ಲಿ ಕುಣಿಸುವುದು ಸುಮ್ನೆ ಅಲ್ಲ. ನಮ್ಮ ಆ ಇಪ್ಪತ್ತು ಆಟಗಳನ್ನೂ ಹೊಡೆದುಹಾಕಿ, ಚೀಲವನ್ನು ಪಾಪ್‌ಕಾರ್ನ್ ಥರ ಕುಲುಕಿ ಮತ್ತೆ ಆಡಿದೆವು. ಉಟಾ ಗೆಲ್ಲತೊಡಗಿತು.

ಕೈ ಸೋತ ಮೇಲೆ ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆದು ಇದೇ ಲಾಟರಿಯನ್ನು ಹತ್ತು ಸಾವಿರ ಸಲ ಓಡಿಸಿದೆ. ಮೊದಲ ನಾಲ್ಕು ಸ್ಥಾನಕ್ಕೆ ಮಾತ್ರ ಚೀಟಿ ಎತ್ತುವುದು, ಆಮೇಲಿನದೆಲ್ಲ ಸೋಲಿನ ಲೆಕ್ಕದ ಪ್ರಕಾರ. ಹಾಗಾಗಿ ಅತಿ ಕಳಪೆ ತಂಡಕ್ಕೆ ಮೊದಲ ಸ್ಥಾನ ಸಿಗುವುದು ನೂರಕ್ಕೆ 14 ಸಲ, ಐದಕ್ಕೆ ಜಾರುವುದು ಹತ್ತಿರ ಹತ್ತಿರ 48 ಸಲ. ಉಟಾ ಐದಕ್ಕೇ ಜಾರಿತ್ತು. ಅಯ್ಯೋ ಪಾಪ ಅನ್ನಿಸಿತು ನಿಜ, ಆದರೆ ಅದೇ ಜಾಸ್ತಿ ಸಲ ಆಗುವಂಥದ್ದು. ಇನ್ನು ಸೋಲಿನ ಲೆಕ್ಕದಲ್ಲಿ ಏಳರಿಂದ ಹದಿನಾಲ್ಕರವರೆಗಿನ ಎಂಟು ತಂಡಗಳ ಪಾಲು ಕೂಡಿಸಿದರೆ ನೂರಕ್ಕೆ 26 ಆಗುತ್ತದೆ. ಡಲ್ಲಾಸೇ ಗೆಲ್ಲುವುದು ಅಪರೂಪ. ಅಂಥ ಯಾವುದೋ ಒಂದು ತಂಡ ಗೆಲ್ಲುವುದು ಅಪರೂಪವೇ ಅಲ್ಲ. 2024ರಲ್ಲಿ ಅಟ್ಲಾಂಟಾ ನೂರಕ್ಕೆ ಮೂರರ ಅವಕಾಶದಲ್ಲೇ ಗೆದ್ದಿತ್ತಲ್ವಾ?

ಕೊನೆಗೆ ಅವತ್ತು ನಿಜವಾಗಿ ಬಿದ್ದ ಚೆಂಡುಗಳನ್ನು ನನ್ನ ಪಟ್ಟಿಯಲ್ಲಿ ಹುಡುಕಿದೆ: 10, 14, 11, 7. 959ನೇ ಸಾಲು, ಡಲ್ಲಾಸ್. ಮೂರು ಚೆಂಡು ಬೀಳುವಷ್ಟರಲ್ಲೇ ಉಟಾದ ಕತೆ ಮುಗಿದಿತ್ತು. ಆ 7ರ ಜಾಗದಲ್ಲಿ 1 ಬಿದ್ದಿದ್ದರೆ ನನ್ನ ಪಟ್ಟಿಯಲ್ಲಿ ವಾಷಿಂಗ್ಟನ್, 5 ಬಿದ್ದಿದ್ದರೆ ಸ್ಯಾನ್ ಆಂಟೋನಿಯೊ. ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. "ಹಾಗಾದ್ರೆ ಆ 7 ಹೆಂಗೆ ಬಂತು ಹೇಳು" ಅಂದ ಅದೇ ಗೆಳೆಯ.