ಹಟ್ಟಿಯ ಹಿಂದಿನ ಹತ್ತು ಮೀಟರ್

ನಮ್ಮ ಮನೆ ಹಿರಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಬದಿಯಲ್ಲಿದೆ. ಹಟ್ಟಿಯ ಹಿಂದೆ ಗುಡ್ಡೆ ಕಡಿದು ಬಿಟ್ಟ ಮುರಕಲ್ಲಿನ ಬರೆ, ಎರಡಾಳು ಎತ್ತರ. ಆ ಬರೆ ಇಲ್ಲದಿದ್ದರೆ ನಾನು ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ಕೋವಿ, ಕೊಳ್ಳುತ್ತಲೇ ಇರಲಿಲ್ಲ. ಗುರಿ ತಪ್ಪಿದ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಗೊತ್ತಾದ ಮೇಲೆಯೇ ಉಳಿದ ಮಾತು.

ಅಜ್ಜನ ಕಾಲದಲ್ಲಿ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಮರಳಿ ತರುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಪರವಾನಿಗೆ ಮುಂದುವರಿಸುವವರಿಲ್ಲದೆ ಕೋವಿಯೂ ಮನೆ ಬಿಟ್ಟಿತು. ನನ್ನ ಆಸೆ ಬೇರೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಂದಿನಿಂದ ಕಾಗದದ ಮೇಲೆ ಗುರಿ ಇಟ್ಟು ನೋಡಬೇಕೆಂಬ ಹಂಬಲ ಹತ್ತಿತ್ತು. 0.177 ಇಂಚು, ಅಂದರೆ 4.5 ಮಿಲಿಮೀಟರ್ ನಳಿಗೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ನಮ್ಮಲ್ಲಿ ಪರವಾನಿಗೆ ಬೇಕಿಲ್ಲ. ಅಂಗಡಿಯವರು ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು ಕೊಟ್ಟರು. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ 10 ಜೂಲ್. ಒಂದು ಕಣ್ಣು ಕಳೆಯಲು ಅದು ಧಾರಾಳ ಸಾಕು. ಇದನ್ನು ಆಟಿಕೆ ಎನ್ನುವವರ ಕೈಗೆ ನಾನು ಕೊಡುವುದಿಲ್ಲ.

ಮೊದಲ ದಿನ ಹಲಸಿನ ಹಲಗೆಯೊಂದನ್ನು ಬರೆಗೆ ಒರಗಿಸಿ ಅದಕ್ಕೆ ಕಾಗದ ಅಂಟಿಸಿದೆ. ಮೂರನೆಯ ಪೆಲೆಟ್ ಹಲಗೆಗೆ ಬಡಿದು ಹಿಂದಕ್ಕೆ ಹಾರಿ ನನ್ನ ಕಾಲ ಬಳಿ ಬಿತ್ತು. ಒಣಗಿದ ಗಟ್ಟಿ ಮರ ಸೀಸವನ್ನು ನುಂಗುವುದಿಲ್ಲ, ವಾಪಸು ಕಳಿಸುತ್ತದೆ. ಅಂದೇ ನಿಲ್ಲಿಸಿದೆ. ಒಂದು ಅಡಿ ಆಳದ ಮರದ ಪೆಟ್ಟಿಗೆ ಮಾಡಿ, ಹಿಂಬದಿಗೆ ಮರಳು ತುಂಬಿದ ಚೀಲ, ಅದರ ಮುಂದೆ ಹಳೆಯ ಬಟ್ಟೆ ಒತ್ತಿ ತುಂಬಿ, ಎದುರಿಗೆ ರಟ್ಟು ಹೊಡೆದೆ. ಈಗ ಪೆಲೆಟ್ ಒಳಗೆ ಹೋದದ್ದು ಒಳಗೇ. ಆದರೂ ಕನ್ನಡಕ ಹಾಕದೆ ಯಾರೂ ಅಲ್ಲಿ ನಿಲ್ಲುವಂತಿಲ್ಲ.

ಟೇಪು ಹಿಡಿದು ಸರಿಯಾಗಿ 10 ಮೀಟರ್ ಅಳೆದು ಒಂದು ಮುರಕಲ್ಲು ಹುಗಿದೆ, ನಿಲ್ಲುವ ಗೆರೆ ಅದು. ಸ್ಪರ್ಧೆಯ ಅಳತೆಯ ಗುರಿಕಾಗದದಲ್ಲಿ ಹೊರಗಿನ ವೃತ್ತ 45.5 ಮಿಲಿಮೀಟರ್, ಒಂಬತ್ತು ಅಂಕದ ವೃತ್ತ 5.5, ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ ಆ ಚುಕ್ಕೆಗಿಂತ ಒಂಬತ್ತು ಪಟ್ಟು ಅಗಲ. ನನ್ನ ಪೆಲೆಟ್‌ಗಳಂತೂ ನಾಲ್ಕು ತಿಂಗಳು ಕಾಗದದ ಉದ್ದಗಲಕ್ಕೂ ಅಲೆದವು. ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಗುರಿಕಡ್ಡಿಯನ್ನು ತಿರುಗಿಸಿದೆ, ಪೆಲೆಟ್ ಡಬ್ಬಿ ಬದಲಿಸಿದೆ. ಚೂಪು ಮೂತಿಯದಕ್ಕಿಂತ ಚಪ್ಪಟೆ ಮೂತಿಯದು ಕಾಗದದಲ್ಲಿ ದುಂಡನೆಯ ತೂತು ಕೊರೆಯುತ್ತದೆ, ಲೆಕ್ಕ ಸುಲಭವಾಯಿತು. ಅಲೆದಾಟ ಮಾತ್ರ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ರೈಫಲ್ ಒರೆಸುವಾಗ ಮರದ ಹಿಡಿ ಬೆರಳಿನಡಿ ಸಣ್ಣಗೆ ಅಲುಗಿತು. ಮುಂಗೈ ಬರುವ ಕಡೆಯ ಎರಡು ಪಕ್ಕದ ಸ್ಕ್ರೂಗಳು ಅರ್ಧ ಸುತ್ತು ಸಡಿಲಾಗಿದ್ದವು. ನನ್ನದು ಸ್ಪ್ರಿಂಗ್ ರೈಫಲ್, ಪ್ರತಿ ಹೊಡೆತಕ್ಕೂ ಅದುರುತ್ತದೆ, ಆ ಅದುರಿಗೆ ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಗಿ ಮಾಡಿ, ಹೆಂಡತಿಯ ನೈಲ್ ಪಾಲಿಶ್‌ನಿಂದ ಸ್ಕ್ರೂವಿನ ತಲೆಯಿಂದ ಮರದವರೆಗೆ ಒಂದು ಕೆಂಪು ಗೆರೆ ಎಳೆದೆ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದರ್ಥ. ನೂರು ಹೊಡೆತಕ್ಕೊಮ್ಮೆ ನೋಡುತ್ತೇನೆ.

ಅರ್ಧ ಕಾಯಿಲೆ ಅಲ್ಲಿಗೆ ವಾಸಿಯಾಯಿತು. ಇನ್ನರ್ಧ ನನ್ನ ಕೈಯಲ್ಲಿತ್ತು. ಟ್ರಿಗ್ಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತಿ ನಿಂತ ಕ್ಷಣ ರೈಫಲ್ ಮುಂದಕ್ಕೆ ಮುಗ್ಗರಿಸುತ್ತದೆ. ಇದಿಷ್ಟೂ ಶುರುವಾಗುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ನಾನು ಅಜ್ಜ ಕೋವಿ ಹಿಡಿದಂತೆ ಗಟ್ಟಿಯಾಗಿ ಅವುಚಿ ಹಿಡಿಯುತ್ತಿದ್ದೆ. ಹಿಡಿತ ಪ್ರತಿ ಸಲ ಒಂದಿಷ್ಟು ಬೇರೆ, ಜಗ್ಗುವ ದಿಕ್ಕೂ ಬೇರೆ. ಈಗ ಎಡ ಅಂಗೈಯನ್ನು ಬಿಡಿಸಿ ಹರಿವಾಣದಂತೆ ಇಟ್ಟು, ಅದರ ಮೇಲೆ ರೈಫಲ್ ಸುಮ್ಮನೆ ಮಲಗಲು ಬಿಡುತ್ತೇನೆ, ಟ್ರಿಗ್ಗರ್ ಸುತ್ತಲಿನ ಬಳೆಗಿಂತ ತುಸು ಮುಂದೆ, ಪ್ರತಿ ಸಲ ಅದೇ ಜಾಗದಲ್ಲಿ. ಬೆರಳು ಮಡಚುವುದಿಲ್ಲ. ಭುಜಕ್ಕೆ ಮುಟ್ಟಿದ್ದಷ್ಟೇ, ಒತ್ತಡವಿಲ್ಲ. ಶಬ್ದವಾದ ಮೇಲೂ ಕಾಗದದಲ್ಲಿ ತೂತು ಕಾಣುವವರೆಗೆ ಗುರಿಕಡ್ಡಿಯಿಂದ ಕಣ್ಣು ತೆಗೆಯುವುದಿಲ್ಲ. ಹಾಗೆ ಹೊಡೆದ ಮೊದಲ ಐದು ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಆ ಕಾಗದ ಇವತ್ತಿಗೂ ಚಾವಡಿಯ ಗೋಡೆಯಲ್ಲಿದೆ.

ರಿಪೇರಿಯ ಉತ್ಸಾಹದಲ್ಲಿ ಒಂದು ತಪ್ಪನ್ನೂ ಮಾಡಿದೆ. ಗಾಳಿ ಒತ್ತುವ ಕೋಣೆಗೆ ಹೊಲಿಗೆ ಯಂತ್ರದ ಎಣ್ಣೆ ಐದಾರು ಹನಿ ಬಿಟ್ಟೆ. ಮುಂದಿನ ಹೊಡೆತಕ್ಕೆ ಪಟಾಕಿಯಂಥ ಸದ್ದು, ನಳಿಗೆಯಿಂದ ಹೊಗೆ, ಸುಟ್ಟ ವಾಸನೆ. ಒತ್ತಿದ ಗಾಳಿಯ ಶಾಖಕ್ಕೆ ಡೀಸೆಲ್ ಎಂಜಿನ್‌ನಲ್ಲಿ ಆಗುವಂತೆ ಎಣ್ಣೆ ಹೊತ್ತಿಕೊಂಡಿತ್ತು. ಗಾಳಿ ಸೋರದಂತೆ ತಡೆಯುವ ವಾಷರ್ ಹಾಳಾಯಿತು. ಅದನ್ನು ಬದಲಿಸಲು ತಿಳಿದವರಿಗೇ ಕೊಟ್ಟೆ, ಏಕೆಂದರೆ ಸ್ಪ್ರಿಂಗ್ ಒಳಗೆ ಸದಾ ಒತ್ತಡದಲ್ಲಿರುತ್ತದೆ, ತಕ್ಕ ಸಾಧನವಿಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ. ಶಕ್ತಿ ಹೆಚ್ಚಿಸಿಕೊಡುತ್ತೇನೆ ಎಂದೂ ಆತ ಹೇಳಿದ, ಬೇಡವೆಂದೆ. 20 ಜೂಲ್ ದಾಟಿದರೆ ಅದು ಪರವಾನಿಗೆಯಿಲ್ಲದ ಆಯುಧ. ಕಾಗದ ತೂತು ಮಾಡಲು ಇದ್ದದ್ದೇ ಹೆಚ್ಚು.

ನಳಿಗೆ ಬಗ್ಗಿಸಿ ಪೆಲೆಟ್ ಇಡುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಹಿಡಿದೇ ಇರಬೇಕು. ಕೊಂಡಿ ಜಾರಿದರೆ ಬೆರಳು ಉಳಿಯುವುದಿಲ್ಲ.

ನಮ್ಮ ಮಳೆಗಾಲ ಕಬ್ಬಿಣಕ್ಕೂ ಮರಕ್ಕೂ ಶತ್ರು. ಮೊದಲ ಆಟಿ ತಿಂಗಳ ಮಳೆಯಲ್ಲೇ ನಳಿಗೆಯ ತುದಿಗೆ ಕಂದು ಹುಡಿ ಹಿಡಿಯಿತು, ವಾರ್ನಿಷ್ ಸಿಪ್ಪೆಯೆದ್ದಿತು. ಉಜ್ಜುಕಾಗದದಿಂದ ಮರವನ್ನು ಬತ್ತಲು ಮಾಡಿ ಅಗಸೆ ಎಣ್ಣೆಯನ್ನು ತೆಳುವಾಗಿ, ದಿನಕ್ಕೊಂದು ಸಲ, ಎಂಟು ದಿನ ಕೈಯಿಂದಲೇ ತಿಕ್ಕಿದೆ. ತೆಂಗಿನೆಣ್ಣೆ ಮನೆಯಲ್ಲೇ ಇತ್ತು, ಆದರೆ ಅದು ಒಣಗುವ ಎಣ್ಣೆಯಲ್ಲ. ಹಿಡಿ ನನ್ನ ಕೈಗೆ ಗಿಡ್ಡವಾಗಿತ್ತು. ಹವಾಯಿ ಚಪ್ಪಲಿಯ ರಬ್ಬರನ್ನು ಕತ್ತರಿಸಿ ಹಿಂಬದಿಗೆ ಕೂಡಿಸಿದೆ, ಭುಜಕ್ಕೆ ಸರಿಯಾಗಿ ಕೂತಿತು. ರೈಫಲನ್ನು ಚರ್ಮದ ಚೀಲದಲ್ಲಿ ಇಡುವುದಿಲ್ಲ, ತೇವ ಹಿಡಿದುಕೊಳ್ಳುತ್ತದೆ. ಒಣ ಬಟ್ಟೆ ಸುತ್ತಿ, ಕಪಾಟಿಗೆ ಬೀಗ.

ಊರಿನವರು ಮಂಗನಿಗೊಂದು ಹೊಡೆಯಿರಿ ಎಂದು ಬರುತ್ತಾರೆ. ಎಳನೀರು ಹಾಳಾದ ಸಂಕಟ ನನಗೂ ಇದೆ. ಆದರೂ 1972ರ ವನ್ಯಜೀವಿ ಕಾಯ್ದೆ ಇರಲಿ ಬಿಡಲಿ, ಈ ಪೆಲೆಟ್ ಕೊಲ್ಲದೆ ಒಳಗೆ ಕೂತು ಕೊಳೆಸುತ್ತದೆ. ಪ್ರಾಣಿಯ ಕಡೆಗೆ ಈ ನಳಿಗೆ ಒಮ್ಮೆಯೂ ತಿರುಗಿಲ್ಲ.

ಮೊನ್ನೆ ಪೆಟ್ಟಿಗೆ ಸುರುವಿ ಬಟ್ಟೆ ಕೊಡವಿ, ಮರಳು ಜರಡಿ ಹಿಡಿದೆ. ಎರಡು ಕಿಲೋ ಮೀರಿ ಸೀಸ ಸಿಕ್ಕಿತು, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಪೆಲೆಟ್. ಬಾವಿ ಹತ್ತಿರದಲ್ಲೇ ಇರುವುದರಿಂದ ಒಂದು ಚೂರನ್ನೂ ಮಣ್ಣಿಗೆ ಬಿಡುವುದಿಲ್ಲ. ಮುಚ್ಚಳದ ಡಬ್ಬಿಗೆ ತುಂಬಿ ಗುಜರಿಯವರಿಗೆಂದು ತೆಗೆದಿಟ್ಟು, ಸೋಪಿನಲ್ಲಿ ಎರಡು ಸಲ ಕೈ ತೊಳೆದು, ಪೆಟ್ಟಿಗೆಗೆ ಹೊಸ ರಟ್ಟು ಹೊಡೆದೆ.