ಲೀನ್ ಪದ್ಧತಿಯಲ್ಲೇ ಸುರಕ್ಷತೆಯನ್ನು ಸೇರಿಸಿಕೊಳ್ಳುವುದು ಹೇಗೆ

ಲೀನ್ ಎಂದರೆ ಕೆಲಸದಲ್ಲಿನ ವ್ಯರ್ಥವನ್ನು ತಗ್ಗಿಸುತ್ತಾ ಹೋಗುವ, ಟೊಯೋಟಾ ಕಾರು ಕಂಪನಿಯ ಕ್ರಮದಿಂದ ಬೆಳೆದ ಉತ್ಪಾದನಾ ಪದ್ಧತಿ. ಟೊಯೋಟಾದ ಎಂಜಿನಿಯರ್ ತೈಚಿ ಓನೊ ಪಟ್ಟಿಮಾಡಿದ 7 ಬಗೆಯ ವ್ಯರ್ಥಗಳಲ್ಲಿ ಅನಗತ್ಯ ಚಲನೆ ಮತ್ತು ಸಾಗಾಟಗಳೂ ಸೇರಿದ್ದು, ಸಮಯ ಉಳಿಸಲೆಂದು ಇವನ್ನು ತಗ್ಗಿಸುವವರು ಬೆನ್ನುನೋವಿಗೂ ಫೋರ್ಕ್‌ಲಿಫ್ಟ್ ಅಪಘಾತಕ್ಕೂ ಇವೇ ಎಡೆಮಾಡಿಕೊಡಬಲ್ಲವು ಎಂಬುದನ್ನು ಗಮನಿಸುವುದು ಕಡಿಮೆ. ಆದ್ದರಿಂದ ಕೆಲಸದ ಹರಿವಿನ ನಕ್ಷೆ ಬರೆಯುವಾಗಲೇ ಯಾವ ಹಂತದಲ್ಲಿ ಎಷ್ಟು ಸಲ ಬಗ್ಗಬೇಕು, ಎತ್ತಬೇಕು, ಕೈಚಾಚಬೇಕು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಪದೇ ಪದೇ ಎತ್ತುವ ಭಾರದ ಪೆಟ್ಟಿಗೆಯನ್ನು ನೆಲದಿಂದ ಸೊಂಟದೆತ್ತರದ ಕಪಾಟಿಗೆ ಸರಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಅವಘಡ ನಡೆದಾಗ, ಅಥವಾ ಸ್ವಲ್ಪದರಲ್ಲಿ ತಪ್ಪಿದಾಗ, ‘ಏಕೆ’ ಎಂದು 5 ಬಾರಿ ಕೇಳುವ ಕ್ರಮವನ್ನು ಬಿಡದೆ ಪಾಲಿಸಿ. ಕೆಲಸಗಾರ ಜಾರಿದ್ದೇಕೆ? ನೆಲದ ಮೇಲೆ ಎಣ್ಣೆಯಿತ್ತು. ಎಣ್ಣೆ ಬಂದದ್ದೇಕೆ? ಯಂತ್ರದ ಸೀಲ್ ಸೋರುತ್ತಿತ್ತು. ಅದು ಸವೆದದ್ದು ಯಾರಿಗೂ ತಿಳಿಯಲಿಲ್ಲವೇಕೆ? ನಿರ್ವಹಣೆಯ ಪಟ್ಟಿಯಲ್ಲಿ ಸೀಲಿನ ಹೆಸರೇ ಇರಲಿಲ್ಲ. ವಿಚಾರಣೆಯು ‘ಅಜಾಗರೂಕತೆ’ ಎಂಬಲ್ಲಿಗೇ ನಿಂತರೆ ನೆಲ ಒರೆಸಿದಂತಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಕೆಲಸದ ಜಾಗವನ್ನು ವಿಂಗಡಿಸಿ, ಜೋಡಿಸಿ, ಶುಚಿಯಾಗಿಡುವ 5ಎಸ್ ಕ್ರಮವೆಂದರೆ ಭೇಟಿಗೆ ಬಂದವರಿಗೆ ತೋರಿಸಲು ಎಳೆದ ಬಣ್ಣದ ಗೆರೆಯಲ್ಲ (ಹಲವೆಡೆ ಆಗುತ್ತಿರುವುದು ಅಷ್ಟೇ). ತುರ್ತು ನಿರ್ಗಮನ, ಅಗ್ನಿಶಾಮಕ ಸಿಲಿಂಡರ್ ಮತ್ತು ವಿದ್ಯುತ್ ಫಲಕಗಳ ಮುಂದಿನ ಜಾಗ ಖಾಲಿಯಿದೆಯೇ ಎಂದು ಪ್ರತಿ ಪಾಳಿಯ ಆರಂಭದಲ್ಲಿ ನೋಡಿಕೊಳ್ಳಿ. ವೇಗ ಹೆಚ್ಚಿಸುವ ಭರದಲ್ಲಿ ಕೆಲಸಗಾರರ ವಿರಾಮವನ್ನು ಮಾತ್ರ ವ್ಯರ್ಥದ ಪಟ್ಟಿಗೆ ಸೇರಿಸಬೇಡಿ.